ಎರಡು ಸಲ ಬಂದ ಹೆಸರು

ದಸರೆಗೆ ಮೊದಲು ಅಡುಗೆಮನೆಯ ಕಪಾಟು ಖಾಲಿ ಮಾಡಿ, ಒರೆಸಿ, ಡಬ್ಬಿಗಳ ಅಡಿಗೆ ಹೊಸ ಕಾಗದ ಹಾಸುವುದು ನಮ್ಮ ಮನೆಯಲ್ಲಿ ಪ್ರತಿವರ್ಷದ ಕೆಲಸ. ಅದಕ್ಕೆ ಬೇಕಾದ ಕಾಗದವನ್ನು ನಾನು ಕೊಳ್ಳುವುದಿಲ್ಲ. ಅಟ್ಟದ ಮೇಲೆ ಒಂದು ಕಟ್ಟು ಇದೆ. ಹಳೆಯ ಪ್ರಿಂಟರಿನ ಅಗಲವಾದ ಕಾಗದ, ಎರಡೂ ಅಂಚಿಗೆ ಸಾಲು ತೂತು. ವರ್ಷಕ್ಕೆ ನಾಲ್ಕು ಹಾಳೆ ಸಾಕು. ಹಾಗೆ ಇಪ್ಪತ್ತೆರಡು ವರ್ಷ ಬಂತು. ಈ ಸಲ ಬಿಚ್ಚಿದಾಗ ತಳಕ್ಕೆ ಐದೇ ಹಾಳೆ ಉಳಿದಿದ್ದವು. ಕಾಳಾ ಮಸಾಲೆಯ ಘಾಟಿನ ನಡುವೆಯೂ ಅದರಿಂದ ರಿಬ್ಬನ್ನಿನ ಶಾಯಿಯ ವಾಸನೆ ಬಂತು, ಸ್ವಲ್ಪ ಎಣ್ಣೆ, ಸ್ವಲ್ಪ ತುಕ್ಕು... ಕೊನೆಯ ಹಾಳೆಯಲ್ಲಿ ನನ್ನ ಹೆಸರಿತ್ತು.

ಅದು ನಾನು ಕಲಿಯುವಾಗ ಬರೆದ ಪ್ರೋಗ್ರಾಮು. ಹನ್ನೊಂದು ಸಾಲು. ಮೇಲೆ ‘ಬರೆದವರು’ ಎಂದು ನನ್ನ ಹೆಸರು, ಅದರ ಕೆಳಗೆ ‘ಮಷೀನ್ ಆದವರು’ ಎಂದು ನನ್ನ ಗೆಳತಿಯ ಹೆಸರು. ಗೆಳತಿಯ ಹೆಸರಿನ ಮೇಲೆ ಕೆಂಪು ಶಾಯಿಯ ಗೆರೆ ಎಳೆದಿತ್ತು. ಒಂದರಿಂದ ಆರನೆಯ ಸಾಲಿನವರೆಗೆ ಪ್ರತಿ ಸಾಲಿನ ಮುಂದೆ ಕೆಂಪು ಗುರುತು. ಏಳನೆಯದರ ಮುಂದೆ ಗುರುತಿಲ್ಲ, ಪೆನ್ನು ಊರಿ ನಿಲ್ಲಿಸಿದ ಒಂದು ಚುಕ್ಕೆ ಮಾತ್ರ. ಆ ಕೆಂಪು ಶಾಯಿ ನಮ್ಮ ಸರ್ ಅವರದು. ಆ ಏಳನೆಯ ಸಾಲಿನಿಂದ ಒಬ್ಬ ಹರೆಯದವನ ಜೀವ ಹೋಯಿತು. ಬರೆದವಳು ನಾನು, ಹೊತ್ತವರು ಅವರು. ನಾನು ಹೇಳಿದ ಸುಳ್ಳು ಅವರಿಗೆ ಗೊತ್ತೇ ಇರಲಿಲ್ಲ ಎಂದು ಇಷ್ಟು ವರ್ಷ ಸಮಾಧಾನ ಮಾಡಿಕೊಂಡಿದ್ದೆ. ಗೊತ್ತಿತ್ತು... ಈ ವರ್ಷ ಶಿವರಾತ್ರಿ ಕಳೆದು ಎರಡು ವಾರಕ್ಕೆ ಅವರು ತೀರಿಕೊಂಡರು.

ಗಡಿಯಾಚೆ ಮರಾಠಿ ಸೀಮೆಯ ಉಮರ್ಗಾದಲ್ಲಿ ಹೆದ್ದಾರಿಯ ಹಿಂದಿನ ಓಣಿಯಲ್ಲಿ, ಬಟ್ಟೆ ಅಂಗಡಿಯೊಂದರ ಮಾಳಿಗೆಯ ಮೇಲೆ ಅವರ ಕ್ಲಾಸು. ನಾಲ್ಕು ಕಂಪ್ಯೂಟರು, ಒಂದು ಪ್ರಿಂಟರು, ಉದ್ದನೆಯ ಚಾಪೆ. ಚಪ್ಪಲಿ ಮೆಟ್ಟಿಲ ಕೆಳಗೇ ಬಿಡಬೇಕು. ಅವರು ನಿಲಂಗಾ ಕಡೆಯ ಅಯ್ಯನವರ ಮನೆತನದವರು. ಅಪ್ಪ, ಅಣ್ಣಂದಿರು ಭಕ್ತರ ಮನೆಮನೆಗೆ ಪೂಜೆಗೆ ಹೋಗುವವರು. ಇವರೊಬ್ಬರೇ ಪುಣೆಗೆ ಹೋಗಿ ಕಂಪ್ಯೂಟರು ಕಲಿತು ಬಂದಿದ್ದರು. ಕೆಳಗಿನ ಚಹಾದಂಗಡಿಯಲ್ಲಿ ಕೂತ ಮಂದಿಗೆ ಅದೊಂದು ತಮಾಷೆ. "ಸ್ವಾಮಿಗೋಳು ಲಿಂಗಪೂಜಾ ಬಿಟ್ಟು ಡಬ್ಬಿ ಪೂಜಾ ಹಿಡದಾರ" ಎನ್ನುತ್ತಿದ್ದರು. ಸರ್ ಹಣೆಯ ವಿಭೂತಿ ಬೆವರಿಗೆ ಅಳಿಯದಂತೆ ಪಂಚೆಯ ತುದಿಯಿಂದ ಒತ್ತಿಕೊಳ್ಳುತ್ತ, "ಡಬ್ಬಿ ವರಾನೂ ಕೊಡಂಗಿಲ್ಲ, ಶಾಪಾನೂ ಕೊಡಂಗಿಲ್ಲಪಾ. ಹೇಳ್ದಷ್ಟ್ ಮಾಡ್ತದ" ಎಂದು ಮೇಲೆ ಹತ್ತಿ ಬರುತ್ತಿದ್ದರು.

ಪರದೆಯ ಮೇಲಿನದು ಇಂಗ್ಲಿಷು, ಪುಸ್ತಕ ಮರಾಠಿ, ಬೈಗುಳ ಕನ್ನಡ. ಹಾಗೆ ನಾವು ಕಲಿತೆವು. ಆಗ ಕರೆಂಟು ದಿನಕ್ಕೆ ಎಂಟು ತಾಸು ಇರುತ್ತಿರಲಿಲ್ಲ. ಕರೆಂಟಿಲ್ಲದ ಹೊತ್ತಿನಲ್ಲೇ ನಿಜವಾದ ಪಾಠ. ಯಾವ ಪ್ರೋಗ್ರಾಮನ್ನೂ ಕಾಗದದ ಮೇಲೆ ಕೈಯಿಂದ ನಡೆಸಿ ನೋಡದೆ ಕಂಪ್ಯೂಟರಿಗೆ ಹಾಕುವಂತಿರಲಿಲ್ಲ. ಒಬ್ಬರು ಸಾಲು ಓದಬೇಕು, ಇನ್ನೊಬ್ಬರು ಮಷೀನ್ ಆಗಬೇಕು. ಮಷೀನ್ ಆದವರ ಮುಂದೆ ಚಾಪೆಯ ಮೇಲೆ ಹೆಸರು ಬರೆದ ಚೀಟಿಗಳು. ಓದಿದ ಸಾಲು ಹೇಳಿದಷ್ಟೇ ಚೀಟಿ ಎತ್ತಬೇಕು, ಇಡಬೇಕು, ಹರಿಯಬೇಕು. ಒಂದು ಸಲ ನಾನು ಮಷೀನ್ ಆಗಿದ್ದಾಗ, ಸಾಲು ತಪ್ಪಿದ್ದರೂ ಸರಿಯಾದ ಚೀಟಿಯನ್ನೇ ಎತ್ತಿಟ್ಟೆ. ಸರ್ ಕೈ ಹಿಡಿದು ನಿಲ್ಲಿಸಿದರು.

"ಮಷೀನಿಗಿ ಶಾಣ್ಯಾತನ ಇರಂಗಿಲ್ಲ ತಂಗೀ. ನೀ ಈಗ ಮಷೀನಿದ್ದಿ, ಶಾಣ್ಯಾಕಿ ಅಲ್ಲ."

ಚೀಟಿಯ ಮೇಲೆ ಸುಳ್ಳು ಹೆಸರು ಬರೆಯುವಂತಿರಲಿಲ್ಲ. ನಿಮ್ಮ ನಿಮ್ಮ ಊರಿನ ಹತ್ತು ಮನೆಯ ಖರೇ ಹೆಸರು ಬರೆಯಿರಿ, ಮನೆಯವರ ಪೂರ್ತಿ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಎಲ್ಲ ಬರೆಯಿರಿ ಎನ್ನುತ್ತಿದ್ದರು. ನಾವು ಹುಡುಗಿಯರು ಒಳಗೊಳಗೇ ನಗುತ್ತಿದ್ದೆವು. ಹನ್ನೊಂದು ಸಾಲಿಗೆ ಮೂರು ತಾಸು. ಕೊನೆಗೆ ಹಾಳೆಯ ಮೇಲೆ ಬರೆದವರ ಹೆಸರು, ಮಷೀನ್ ಆದವರ ಹೆಸರು ಹಾಕಬೇಕು. ಅದು ಕ್ಲಾಸಿನ ನಿಯಮ.

ಆ ವರ್ಷ ನಮ್ಮ ಕಡೆಯ ಒಂದು ಖಾಸಗಿ ದವಾಖಾನೆಯ ಕೆಲಸ ಸರ್‌ಗೆ ಸಿಕ್ಕಿತ್ತು. ರೋಗಿಗಳ ಹಳೆಯ ವಹಿಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿದ್ದೆವು. ಆದರೆ ಅಲ್ಲಿ ರೋಗಿಗಳ ಚೀಟಿ ಮಾಡುವವರು ಹಳೆಯ ರೋಗಿಯನ್ನೇ ಪ್ರತಿಸಲ ಹೊಸದಾಗಿ ಸೇರಿಸಿ, ಒಬ್ಬರ ಹೆಸರು ಐದಾರು ಕಡೆ ಆಗಿತ್ತು. ಒಬ್ಬರದು ಒಂದೇ ಉಳಿಸಿ ಕೊಡಿ ಎಂದು ಡಾಕ್ಟರು ಕೇಳಿದರು. ಆ ಸಣ್ಣ ಕೆಲಸ ನನ್ನದು. ಪೂರ್ತಿ ಹೆಸರು ಒಂದೇ ಇದ್ದು ಊರೂ ಒಂದೇ ಇದ್ದರೆ, ಮೊದಲಿನದನ್ನು ಇಟ್ಟು ನಂತರದ್ದನ್ನು ಅಳಿಸು. ಇದೇ ಏಳನೆಯ ಸಾಲು. ವಯಸ್ಸನ್ನು ನಾನು ಬೇಕೆಂದೇ ಬಿಟ್ಟಿದ್ದೆ. ನಮ್ಮ ಮಂದಿ ಒಮ್ಮೆ ಐವತ್ತು ಅನ್ನುತ್ತಾರೆ, ಮರುವರ್ಷ ನಲವತ್ತೈದು ಅನ್ನುತ್ತಾರೆ. ಅದನ್ನು ನಂಬಿದರೆ ಕೆಲಸ ಆಗದು ಎಂದುಕೊಂಡೆ.

ಸರ್ ಆ ದಿನ ಇರಲಿಲ್ಲ. ದೊಡ್ಡಪ್ಪ ತೀರಿಕೊಂಡರೆಂದು ನಿಲಂಗಾಕ್ಕೆ ಹೋಗಿದ್ದರು. ನನ್ನ ಮಷೀನ್ ಆಗಬೇಕಿದ್ದ ಗೆಳತಿಯನ್ನು ನೋಡಲು ಗಂಡಿನವರು ಬಂದಿದ್ದರು, ಅವಳೂ ಇಲ್ಲ. ಎರಡಕ್ಕೆ ಬಂದ ಕರೆಂಟು ಐದಕ್ಕೆ ಹೋಗುತ್ತದೆ, ಐದೂವರೆಗೆ ನನ್ನೂರಿನ ಬಸ್ಸು, ಮರುದಿನ ಬೆಳಿಗ್ಗೆ ದವಾಖಾನೆಗೆ ಕೊಡಬೇಕು. ಚೀಟಿ ಬರೆಯಲಿಲ್ಲ. ಓದಲಿಲ್ಲ. ಹಾಕಿ ಒತ್ತಿದೆ. ಸಾವಿರಾರು ಹೆಸರು ಕಣ್ಣ ಮುಂದೆ ಕರಗಿ ಪಟ್ಟಿ ಚೊಕ್ಕವಾಯಿತು. ಖುಷಿಯಾಗಿತ್ತು ನನಗೆ, ಸುಳ್ಳು ಯಾಕೆ ಹೇಳಲಿ...

ಮೂರನೆಯ ದಿನ ಸರ್ ಬಂದು ಓದಿ ನಡೆಸಿದೆಯಾ ಎಂದು ಕೇಳಿದರು. ಹೂಂರಿ ಎಂದೆ. ಮಷೀನ್ ಯಾರಾಗಿದ್ದರು ಎಂದರು. ಗೆಳತಿಯ ಹೆಸರು ಹೇಳಿ, ಹಾಳೆಯ ಮೇಲೂ ಬರೆದುಕೊಟ್ಟೆ. ಅವರು ನಂಬಿದರು.

ನಮ್ಮ ಕಡೆ ಮೊಮ್ಮಗನಿಗೆ ಅಜ್ಜನ ಹೆಸರಿಡುತ್ತಾರೆ. ಶರಣಪ್ಪನ ಮಗ ಗುರಪ್ಪ, ಗುರಪ್ಪನ ಮಗ ಮತ್ತೆ ಶರಣಪ್ಪ, ಅವನ ಮಗ ಮತ್ತೆ ಗುರಪ್ಪ. ಹೆಸರಿನ ಮುಂದೆ ಅಪ್ಪನ ಹೆಸರು ಬರೆಯುವುದು ಇಲ್ಲಿನ ರೂಢಿಯಾದ್ದರಿಂದ, ಅಜ್ಜ ಮೊಮ್ಮಗ ಇಬ್ಬರದೂ ಅಕ್ಷರಕ್ಕಕ್ಷರ ಒಂದೇ ಹೆಸರಾಗುತ್ತದೆ. ಊರೂ ಒಂದೇ, ಮನೆಯೂ ಒಂದೇ. ಸೊಸೆ ಮಾವನ ಹೆಸರು ಬಾಯಲ್ಲಿ ಆಡಬಾರದೆಂದು ಮಗುವನ್ನು ಮನೆಯಲ್ಲಿ ಅಪ್ಪು, ಬಾಳ್ಯಾ ಎಂದು ಕರೆಯುವುದರಿಂದ ಅದು ಯಾರ ಗಮನಕ್ಕೂ ಬರುವುದಿಲ್ಲ. ಇದು ನನಗೆ ಗೊತ್ತಿರದ ಸಂಗತಿಯಲ್ಲ. ನಮ್ಮ ಅಜ್ಜನ ಹೆಸರೂ ನಮ್ಮ ಅಣ್ಣನ ಹೆಸರೂ ಹಾಗೆಯೇ ಒಂದೇ. ಹತ್ತು ಮನೆಯ ಚೀಟಿ ಬರೆದಿದ್ದರೆ ಮೊದಲ ಚೀಟಿ ನಮ್ಮ ಮನೆಯದೇ ಆಗಿರುತ್ತಿತ್ತು. ಏಳನೆಯ ಸಾಲು ಓದಿದ ಕೂಡಲೇ ಮಷೀನ್ ಆದವಳು ನನ್ನ ಅಣ್ಣನ ಚೀಟಿ ಹರಿಯುತ್ತಿದ್ದಳು.

ಚೈತ್ರದಲ್ಲಿ ಆಯಿತು ಅದು. ಮಾಕಣಿ ಧರಣದ, ಅಂದರೆ ಅಣೆಕಟ್ಟಿನ, ಆಚೆಯ ಊರಿನ ಇಪ್ಪತ್ತೆರಡರ ಒಬ್ಬನನ್ನು, ಕಾಲಿಗೆ ಕುಡಗೋಲು ಬಡಿದು ಜ್ವರ ಏರಿದ್ದಕ್ಕೆ, ಹೊಲದ ಜೊತೆಗಾರರು ಆ ದವಾಖಾನೆಗೆ ತಂದರು. ಚೀಟಿ ಮಾಡುವವಳು ಹೆಸರು ಹೊಡೆದಾಗ ಒಂದೇ ಹೆಸರು ಬಂತು, ವಯಸ್ಸು ಎಪ್ಪತ್ತು. ಯಾರೋ ತಪ್ಪು ಬರೆದಿದ್ದಾರೆಂದು ಆಕೆ ಎಪ್ಪತ್ತನ್ನು ಇಪ್ಪತ್ತೆರಡು ಮಾಡಿದಳು. ಆ ಪುಟ ಅವನ ಅಜ್ಜನದು. ಮೊಮ್ಮಗನ ಅಳಿಸಿಹೋದ ಪುಟದಲ್ಲಿ, ಚಿಕ್ಕವನಿದ್ದಾಗ ಒಂದು ಇಂಜೆಕ್ಷನ್ನಿನಿಂದ ಸಾಯುವಂತಾಗಿದ್ದ, ಅದನ್ನು ಕೊಡಲೇಬಾರದು ಎಂಬ ಮಾತಿತ್ತು. ಅದು ಗೊತ್ತಿದ್ದ ಅವನ ತಾಯಿ ಜೊತೆಗಿರಲಿಲ್ಲ. ಅವನಿಗೆ ಜ್ವರದ ಬಡಬಡಿಕೆ. ಹೊಸ ಡಾಕ್ಟರು ಪರದೆ ನೋಡಿದರು, ಏನೂ ಇಲ್ಲ. ಅದೇ ಇಂಜೆಕ್ಷನ್ ಕೊಟ್ಟರು... ಅರ್ಧ ತಾಸು ಸಹ ಇರಲಿಲ್ಲವಂತೆ.

ದವಾಖಾನೆಯವರು ಕಂಪ್ಯೂಟರಿನ ತಪ್ಪು ಎಂದರು. ಮೂರನೆಯ ದಿನ ಆ ಊರಿನ ಮಂದಿ ನಮ್ಮ ಕ್ಲಾಸಿನ ಮೆಟ್ಟಿಲ ಮೇಲೆ ತುಂಬಿಕೊಂಡರು. ಚಪ್ಪಲಿ ಯಾರೂ ಬಿಟ್ಟಿರಲಿಲ್ಲ. ಅಜ್ಜ ಚಾಪೆಯ ತುದಿಗೆ ಕೂತರು. ಬೈಯಲಿಲ್ಲ. "ಮಮ್ಮಗನಿಗಿ ನನ್ನ ಹೆಸರೇ ತಿಂದ್ಹಾಕ್ತು" ಎಂದು ನೆಲ ನೋಡುತ್ತ ಎರಡು ಸಲ ಹೇಳಿದರು. ಆಮೇಲೆ, ಅಳಿಸಿದವರು ಯಾರು ಎಂದು ಕೇಳಿದರು.

ನಾನು ಪ್ರಿಂಟರಿನ ಪಕ್ಕದಲ್ಲಿ ನಿಂತಿದ್ದೆ. ಸರ್ ನನ್ನ ಕಡೆ ನೋಡಲೂ ಇಲ್ಲ.

"ನಾನೇರಿ ಕಾಕಾ. ಚೂಕ್ ನಂದೇ ಅದ."

ನಾನು ಒಂದು ಹೆಜ್ಜೆ ಮುಂದೆ ಬಂದಿದ್ದರೆ... ಬರಲಿಲ್ಲ. ಕ್ಲಾಸಿನ ಯಜಮಾನರು ಅವರು, ಅದಕ್ಕೇ ಹಾಗೆ ಹೇಳಿದರು ಎಂದು ಅವತ್ತಿನಿಂದ ನನಗೆ ನಾನೇ ಹೇಳಿಕೊಳ್ಳುತ್ತ ಬಂದೆ. ಮಳೆಗಾಲದ ಹೊತ್ತಿಗೆ ಒಬ್ಬ ವಿದ್ಯಾರ್ಥಿಯೂ ಉಳಿಯಲಿಲ್ಲ. ಬೋರ್ಡು ಇಳಿಸುವ ದಿನ, ಹಳೆಯ ಕಾಗದ ಕಪಾಟಿಗೆ ಹಾಸಿಕೊಳ್ಳಿರಿ ಎಂದು ಎಲ್ಲರಿಗೂ ಹಂಚಿದರು. ನನ್ನ ಕಟ್ಟನ್ನು ತಾವೇ ದಾರ ಬಿಗಿದು ಕೊಟ್ಟರು. ತಾವೇ ಸಾಲು ಸಾಲಾಗಿ ನಡೆಸಿ ನೋಡಿ ಕೆಂಪು ಗುರುತು ಹಾಕಿದ ಆ ಹಾಳೆಯನ್ನು ತಿಳಿದೇ ತಳಕ್ಕೆ ಇಟ್ಟಿದ್ದರೋ, ತಾನಾಗಿ ಸೇರಿತ್ತೋ, ಇನ್ನು ಕೇಳುವಂತಿಲ್ಲ.

ಅವರು ನಿಲಂಗಾಕ್ಕೆ ಮರಳಿ ಜೋಳಿಗೆ ಹಾಕಿಕೊಂಡರು. ಶುಭಕಾರ್ಯಕ್ಕೆ ಅವರನ್ನು ಕರೆಯುತ್ತಿದ್ದವರು ಕಡಿಮೆ. ನಾನು ಅವರು ಕಲಿಸಿದ ವಿದ್ಯೆಯಿಂದಲೇ ಉಣ್ಣುತ್ತಿದ್ದೇನೆ. ಉದಗೀರದ ದಾಲ್ ಮಿಲ್ಲುಗಳಿಗೆ ಸಾಫ್ಟ್‌ವೇರ್ ಬರೆದುಕೊಡುತ್ತೇನೆ. ಬೆಳಿಗ್ಗೆ ರೊಟ್ಟಿ ಬಡಿದು, ಒಲೆ ಒರೆಸಿ, ಅದೇ ಅಡುಗೆಮನೆಯ ಪಕ್ಕದ ಮೇಜಿಗೆ ಕೂಡುತ್ತೇನೆ. ಈಗಿನ ಸಾಧನಗಳು ಬೇರೆ. ಬೇಕಾದದ್ದನ್ನು ಮಾತಿನಲ್ಲಿ ಬರೆದರೆ ಎಐ ತಾನೇ ಕೋಡ್ ಬರೆದುಕೊಡುತ್ತದೆ. ಹೋದ ತಿಂಗಳು ಮಿಲ್ಲಿಗೆ ಮಾಲು ತರುವ ರೈತರ ಪಟ್ಟಿ ಚೊಕ್ಕ ಮಾಡಬೇಕಿತ್ತು. ಕೇಳಿದೆ, ಕಣ್ಣು ಮಿಟುಕಿಸುವುದರೊಳಗೆ ಬಂತು. ಹೆಸರು ಒಂದೇ, ಊರು ಒಂದೇ, ನಂತರದ್ದನ್ನು ಅಳಿಸು. ನನ್ನ ಏಳನೆಯ ಸಾಲೇ. ಅದಕ್ಕೆ ನಮ್ಮ ಮನೆಗಳ ರೂಢಿ ಗೊತ್ತಿಲ್ಲ, ಅದರ ತಪ್ಪಲ್ಲ. ನನಗೆ ಗೊತ್ತಿತ್ತಲ್ಲ... ಬಾಗಿಲು ಮುಚ್ಚಿ ಚೀಟಿ ಬರೆದು ನೆಲದ ಮೇಲೆ ಹರಡಿದೆ. ಈಗಲೂ ಹಾಗೆಯೇ ಮಾಡುತ್ತೇನೆ. ಓದುವವಳೂ ನಾನೇ, ಮಷೀನೂ ನಾನೇ. ಮಿಲ್ಲಿನವರಿಗೆ ನಾನು ಬಾಯಿಯವರು. ಬಾಯಿಯವರದು ಕೆಲಸ ತಡ ಎನ್ನುತ್ತಾರೆ.

ಎಂಟು ವರ್ಷದ ಹಿಂದೆ ಉದಗೀರದ ಬಸ್ ಸ್ಟ್ಯಾಂಡಿನಲ್ಲಿ ಸರ್ ಎದುರಾದರು. ಕಾವಿ ಅಂಗಿ, ಹೆಗಲಿಗೆ ಜೋಳಿಗೆ. ಈಗ ಏನು ಮಾಡ್ಲತ್ತಿ ತಂಗೀ ಎಂದು ಕೇಳಿದರು. ಕೋಡ್ ಬರೆಯುತ್ತೇನೆ ಎಂದೆ. ಅವರು ಕೇಳಿದ್ದು ಒಂದೇ:

"ಹಾಕೂ ಮೊದಲ ಓದ್ತಿ ಇಲ್ಲೋ?"

ಓದುತ್ತೇನ್ರಿ ಸರ್ ಎಂದೆ. ಸಾಕು ಬಿಡು ಎಂದರು. ಅಷ್ಟರಲ್ಲಿ ನಿಲಂಗಾದ ಬಸ್ಸು ಬಂತು. ಅವತ್ತಾದರೂ ಬಾಯಿ ಬಿಡಬಹುದಿತ್ತು. ಅವರ ಮಣ್ಣಿಗೆ ಹೋದಾಗಲೂ ಬಿಡಬಹುದಿತ್ತು. ಅವರನ್ನು ಕೂಡಿಸಿ ಮಣ್ಣು ಮುಚ್ಚುವಾಗ ನನ್ನ ಹಿಂದೆ ನಿಂತವರು, ಇದೇ ಅಯ್ಯ ಅಲ್ಲೇನು ಕಂಪ್ಯೂಟರಿನಿಂದ ಹುಡುಗನನ್ನು ಕೊಂದವನು, ಎಂದು ಮೆಲ್ಲಗೆ ಮಾತಾಡಿಕೊಂಡರು. ಒಂದು ಹಿಡಿ ಮಣ್ಣು ಹಾಕಿ ಬಂದುಬಿಟ್ಟೆ.

ಆ ಹಾಳೆ ಸಿಕ್ಕ ಮೇಲೆ ಮಾತ್ರ ಮನೆಯಲ್ಲಿ ಕೂಡಲಾಗಲಿಲ್ಲ. ದಸರೆ ಮುಗಿದ ಮರುವಾರ ಧರಣದ ಆಚೆಯ ಆ ಊರಿಗೆ ಹೋದೆ. ಅಜ್ಜ ಸತ್ತು ಬಹಳ ವರ್ಷವಾಗಿತ್ತು. ತಾಯಿ ಅಂಗಳದಲ್ಲಿ ಸೋಯಾ ಹರವಿ ಹರಳು ಆರಿಸುತ್ತಿದ್ದರು. ನಾನು ಯಾರು, ಏನು ಬರೆದೆ, ಏನು ಸುಳ್ಳು ಹೇಳಿದೆ, ಸರ್ ತೀರಿಕೊಂಡದ್ದು, ಎಲ್ಲ ಹೇಳಿದೆ. ಅವರ ಕೈ ನಿಲ್ಲಲಿಲ್ಲ.

"ಅಯ್ಯನೋರು ವರ್ಷಾ ಬರ್ತಿದ್ರು," ಎಂದರು. "ಅಂವಾ ಹೋದ ದಿನಕ್ಕ. ಹೊರಗ ಕಟ್ಟಿ ಮ್ಯಾಲ ಕೂತು ಮಂತ್ರಾ ಅಂದು ಹೋಗ್ತಿದ್ರು. ಮಾವನೋರು ಇದ್ದಾಗ ಒಳಗ ಕರಿ ಅಂತಿದ್ರು. ನಾ ಕರೀಲಿಲ್ಲ. ನೀರ ಸುದ್ದಾ ಕೊಡಲಿಲ್ಲ."

ನಮ್ಮ ಮನೆಗಳಲ್ಲಿ ಅಯ್ಯನವರು ಹೊಸ್ತಿಲಿಗೆ ಬಂದರೆ ಕಾಲಿಗೆ ನೀರು ಹಾಕಿ ಒಳಗೆ ಕರೆದು, ಅವರು ಉಂಡ ಮೇಲೆ ಮನೆಯವರು ಉಣ್ಣುತ್ತಾರೆ. ಬಂದ ಅಯ್ಯನಿಗೆ ನೀರು ಕೊಡದ ಮನೆಯನ್ನು ನಾನು ಕೇಳಿಯೂ ಇಲ್ಲ. ಆ ತಾಯಿ ಆಗ ಮೊದಲ ಸಲ ತಲೆ ಎತ್ತಿ ನನ್ನನ್ನು ನೋಡಿದರು.

"ನೀವು ಆಗ ಬಂದು ಹೇಳಿದ್ರ, ಬೈಯೂದು ನಿಮಗ ಬೈತಿದ್ದೆ. ಅವರಿಗಿ ನೀರ ಕೊಡ್ತಿದ್ದೆ."

ಅವರ ಮಣ್ಣಿಗೆ ಮಂದಿ ಬಂದಿತ್ತೇ ಎಂದು ಕೇಳಿದರು. ಇಪ್ಪತ್ತು ಮಂದಿ ಇದ್ದೆವು ಎಂದೆ. ಮತ್ತೆ ಸೋಯಾದ ಕಡೆ ತಿರುಗಿದರು. ನಾನು ಎದ್ದು ಬಂದದ್ದನ್ನು ಅವರು ನೋಡಲಿಲ್ಲ.

ಇದು ಹೋದ ವಾರದ ಮಾತು. ನಮ್ಮ ಊರುಗಳಲ್ಲಿ ಇನ್ನೂ ಅವರೇ ಕೊಂದವರು. ಅದಕ್ಕಾಗಿ ಇದನ್ನು ಬರೆದಿದ್ದೇನೆ. ಬರೆದು ಅವರಿಗೆ ಏನು ಉಪಯೋಗ, ನನಗೆ ತಿಳಿಯದು. ಬಸ್ಸು ಇಳಿಯುವ ಕೂಡುರಸ್ತೆಯ ಫಾಟಾದಿಂದ ಆ ಊರಿಗೆ ಎರಡು ಮೈಲು. ನಡುವೆ ಒಂದು ಗಿಡದ ನೆರಳೂ ಇಲ್ಲ. ಚೈತ್ರದ ಬಿಸಿಲಿನಲ್ಲಿ ಅವರು ಅಷ್ಟು ದೂರ ನಡೆದು ಬಂದು, ಮಂತ್ರ ಹೇಳಿ, ಒಣಗಿದ ಬಾಯಲ್ಲೇ ಮರಳಿ ನಡೆದಿದ್ದಾರೆ. ಇಪ್ಪತ್ತೊಂದು ವರ್ಷ.