ಭಾಗ್ಯಜ್ಯೋತಿ ಕೊಂಡ ದನಿ

ಭಾಗ್ಯಜ್ಯೋತಿಗೆ ಹುಟ್ಟಿನಿಂದ ಕಣ್ಣಿಲ್ಲ. ಕೊಪ್ಪಳದ ಕಡೆಯವಳು, ಬಿಟಿಎಂ ಬಡಾವಣೆಯಲ್ಲಿ ಮುನಿವೆಂಕಟಮ್ಮನ ಮಹಡಿ ಮನೆಯಲ್ಲಿ ಬಾಡಿಗೆಗಿದ್ದು ಎಂಟು ವರ್ಷ. ಆಫೀಸುಗಳ ಮೀಟಿಂಗ್ ರೆಕಾರ್ಡಿಂಗ್ ಕೇಳಿ ಟೈಪ್ ಮಾಡಿಕೊಡುವುದು ಅವಳ ಕೆಲಸ. ಸ್ಕ್ರೀನ್ ಮೇಲೆ ಬಂದದ್ದನ್ನೆಲ್ಲ ಓದಿ ಹೇಳುವ ಸಾಫ್ಟ್‌ವೇರ್ ಒಂದಿದೆ, ಚೀಟಿ ಎತ್ತಿ ಕೊಂಡದ್ದು. ಅದು ಓದುವ ವೇಗಕ್ಕೆ ನಮ್ಮ ನಿಮ್ಮ ಕಿವಿಗೆ ಒಂದಕ್ಷರವೂ ದಕ್ಕುವುದಿಲ್ಲ. ಅವಳಿಗೆ ನೀರು ಕುಡಿದಷ್ಟು ಸಲೀಸು.

ಹಳೇ ಕಂಪ್ಯೂಟರ್ ಕುಂಟುತ್ತಿತ್ತು. ಹೋದ ವಾರ ಎರಡು ಫೈಲು ತಡವಾದವು. "ಇನ್ನೊಂದ್ಸಲ ಹೀಗಾದ್ರೆ ಕೆಲಸ ಬೇರೆಯವರಿಗೆ ಕೊಡ್ತೀವಿ ಮೇಡಂ" ಅಂತ ಆಫೀಸಿನವರು ಖಡಾಖಂಡಿತ ಹೇಳಿಬಿಟ್ಟರು. ಅದಕ್ಕೇ ಕಂಪ್ಯೂಟರ್ ಅಂಗಡಿಯ ನಂದಕುಮಾರನ ಕೈಲಿ ಹೊಸ ಮದರ್‌ಬೋರ್ಡ್ ಹಾಕಿಸಿದಳು. ಅವನು ಆನ್ ಮಾಡಿಕೊಟ್ಟು ಹೋದ. ಕಂಪ್ಯೂಟರ್ ತುಟಿ ಬಿಚ್ಚಲಿಲ್ಲ.

ಸಾಫ್ಟ್‌ವೇರ್ ಕಂಪನಿಯ ಕಸ್ಟಮರ್ ಕೇರಿಗೆ ಫೋನ್ ಮಾಡಿದಳು. "ಬೋರ್ಡ್ ಬದಲಾದ್ರೆ ಅದು ಬೇರೆ ಕಂಪ್ಯೂಟರ್ ಲೆಕ್ಕ ಮೇಡಂ. ಲೈಸೆನ್ಸ್ ಮತ್ತೆ ಆಕ್ಟಿವೇಟ್ ಆಗ್ಬೇಕು. ಸ್ಕ್ರೀನ್ ಮೇಲೆ ಒಂದು ಕೋಡ್ ಕಾಣುತ್ತೆ, ಓದಿ" ಅಂದ ಅಲ್ಲಿಯವನು.

"ನನಗ ಕಾಣ್ತಿದ್ರ ನಿಮ್ಮ ಸಾಫ್ಟ್‌ವೇರ್ ಯಾಕ ತಗೋತಿದ್ದೆ ಸಾರ್?"

ಅವನು "ಪಕ್ಕದಲ್ಲಿ ಯಾರಾದ್ರೂ ಇದ್ರೆ..." ಅಂದ. ಕಣ್ಣಿಲ್ಲದವರಿಗೆ ಮಾರಿದ ಸಾಮಾನಿನ ಬೀಗ ತೆಗೆಯೋಕೆ ಕಣ್ಣಿದ್ದವರೇ ಬರಬೇಕಂತೆ. ಯಾವ ಪುಣ್ಯಾತ್ಮನಿಗೆ ಹೊಳೆಯಿತೋ ಇದು! ಫೋನಿನ ಕ್ಯಾಮೆರಾ ಹಿಡಿದು ಓದಿಸಿದರೆ ಅದು ಸೊನ್ನೆಗೆ ಓ ಅಂದಿತು, ಕೋಡ್ ತಪ್ಪಾಯಿತು. ಆಗಲೇ ಮೂರು ಗಂಟೆ. ಐದಕ್ಕೆ ಫೈಲ್ ಕೊಡಬೇಕು. ಎಂಟು ವರ್ಷದಲ್ಲಿ ಒಂದು ಕರೆಂಟ್ ಬಿಲ್ಲನ್ನೂ ಯಾರಿಂದಲೂ ಓದಿಸಿಕೊಂಡವಳಲ್ಲ. ಕೊನೆಗೆ ಮೆಟ್ಟಿಲ ಹತ್ತಿರ ನಿಂತು ಕರೆದಳು, "ಆಂಟಿ, ಸ್ವಲ್ಪ ಮ್ಯಾಲ ಬರ್ರಿ."

ಮುನಿವೆಂಕಟಮ್ಮ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೆ ಗೇಟಿಗೆ ಅಡ್ಡ ಗಾಡಿ ನಿಲ್ಲಿಸಿ ಹೋಗುವವರ ನಂಬರ್ ಪ್ಲೇಟ್ ಓದಿ ಓದಿ, ಪೊಲೀಸರಿಗೆ ಫೋನಿನಲ್ಲಿ ಹೇಳಿ ಹೇಳಿ, ಇಂಗ್ಲಿಷಿನ ದೊಡ್ಡಕ್ಷರ, ಅಂಕಿ ಎಲ್ಲ ಬಾಯಿಪಾಠವಾಗಿದ್ದವು. ಕನ್ನಡಕ ಏರಿಸಿ ಶುರು ಮಾಡಿದರು. "ಕೆ ಎಂ ಸೊನ್ನೆ ನಾಲ್ಕು... ಇದ್ಯಾವೂರ್ ಗಾಡಿನಮ್ಮ?"

ಕೋಡ್ ಸರಿಹೋಯಿತು. ಕಸ್ಟಮರ್ ಕೇರಿನವನು ಫೋನಿನಲ್ಲಿ ಹೇಳಿದ ಉತ್ತರದ ಕೋಡನ್ನು ಭಾಗ್ಯಜ್ಯೋತಿ ತಾನೇ ಒತ್ತಿದಳು. ದನಿ ಬಂತು. ಬಂದದ್ದೇ ಹೇಳಿತು, ಲೈಸೆನ್ಸ್ ಆಕ್ಟಿವೇಟ್ ಮಾಡಲು ಇರುವ ಮೂರು ಸಲದಲ್ಲಿ ಇದು ಕೊನೆಯದು, ಮತ್ತೆ ಬೋರ್ಡ್ ಬದಲಾಯಿಸಿದರೆ ಹೊಸ ಲೈಸೆನ್ಸ್ ಕೊಳ್ಳಬೇಕು. ಅವಳು ಕೆಲಸಕ್ಕೆ ಕೂತಳು. ಐದಕ್ಕೆ ಹತ್ತು ನಿಮಿಷ ಇರುವಾಗ ಫೈಲ್ ಹೋಯಿತು.

"ಏನಂತೆ ಆಗ ಅದು ಬಡ್ಕೊಂಡಿದ್ದು?" ಕಾಫಿ ತಂದ ಮುನಿವೆಂಕಟಮ್ಮ ಕೇಳಿದರು. ಹೇಳಿದಳು.

"ನೀನು ಫ್ಯಾನ್ ಬದಲಾಯಿಸ್ಕೊಂಡೆ ಅಂತ ನಾನು ನಿನ್ ಹತ್ರ ಇನ್ನೊಂದ್ಸಲ ಅಡ್ವಾನ್ಸ್ ಕೇಳಿದ್ನಾ? ಯಾವ ಸೀಮೆ ಓನರಮ್ಮ ಅವ್ನು?"

ಭಾಗ್ಯಜ್ಯೋತಿಗೆ ನಗು ಬರಲಿಲ್ಲ. "ಅವ್ರು ಓನರ್ ಅನ್ನೋದ ಇವತ್ತ ಗೊತ್ತಾತ್ರಿ ಆಂಟಿ. ನಾ ಕೊಂಡೀನಿ ಅನ್ಕೊಂಡಿದ್ದೆ."