ಹೊಸ್ತಿಲೊಳಗಿನ ಎಡೆ

ಸ್ಮಾರಕದ ಕಲ್ಲಿನ ನಕ್ಷೆಯನ್ನು ಅಕ್ಕನ ಮಗ ಜೀಪಿನ ಬಾನೆಟ್ಟಿನ ಮೇಲೆ ಹರಡಿದಾಗ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಕೋವಿ. ಆಳೆತ್ತರದ ಕಲ್ಲಿನ ನಡುವೆ ಒಬ್ಬ ಸೈನಿಕ ಮೊಣಕಾಲೂರಿ ಗುರಿಯಿಟ್ಟಿದ್ದ. ಅವನ ಕಾಲ ಕೆಳಗೆ ಕೊರೆಯಬೇಕಾದ ಸಾಲು: ‘ಬರ್ಮಾ ಯುದ್ಧದಲ್ಲಿ ಶತ್ರುವಿನ ಗುಂಡಿಗೆ ಎದೆಯೊಡ್ಡಿ ವೀರಮರಣ ಹೊಂದಿದರು.’

ಆ ಸೈನಿಕ ನನ್ನ ದೊಡ್ಡಪ್ಪ. ನಾನು ಅಕ್ಕ ಎಂದು ಕರೆಯುವುದು ಅವರ ಒಬ್ಬಳೇ ಮಗಳನ್ನು. ದೊಡ್ಡಪ್ಪ ಯುದ್ಧಕ್ಕೆ ಹೋದಾಗ ಅವಳು ಇನ್ನೂ ಹೊಟ್ಟೆಯಲ್ಲಿದ್ದಳು. ತಂದೆಯ ಮುಖವನ್ನು ನೋಡದೆಯೇ ಬೆಳೆದವಳಿಗೆ ಈಗ ಎಂಬತ್ತು ದಾಟಿದೆ; ನಾನು ಅವಳ ಹಿಂದೆಯೇ ಇದ್ದೇನೆ. ಊರಿನ ಕೂಡುರಸ್ತೆಯಲ್ಲಿ ಸ್ಮಾರಕ ನಿಲ್ಲಿಸುವ ಸಮಿತಿಗೆ ಅವಳ ಮಗನೇ ಅಧ್ಯಕ್ಷ.

“ಹೆಂಗಿದೆ ಮಾವ?”

“ಎದೆಗೆ ಅಂತ ಯಾರು ಹೇಳಿದ್ರು ನಿಂಗೆ?”

“ಅಯ್ಯೋ, ಊರಿಗೆಲ್ಲ ಗೊತ್ತಿರೋದು. ನೀವು ಮತ್ತೆ ಶುರು ಮಾಡ್ಬೇಡಿ ಮಾರಾಯ್ರೆ.”

ಊರಿಗೆಲ್ಲ ಗೊತ್ತಿರುವುದು ಎಂಬುದನ್ನು ನಾನು ಎಂದೂ ಪ್ರಮಾಣವೆಂದು ಒಪ್ಪಿದವನಲ್ಲ. ನನ್ನ ಶಾಲೆ ನಾಲ್ಕನೆಯ ತರಗತಿಗೆ ಮುಗಿಯಿತು. ಬಾಳೂರಿನ ಕಡೆಯ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ ಕೈಕೆಳಗೆ ಕೆಲಸಕ್ಕೆ ಸೇರಿ, ಪಾರ್ಚ್ಮೆಂಟ್ ಕಾಫಿಬೀಜ ಒಣಹಾಕಿದ ಕಣ ಕಾಯುತ್ತ, ಒಂದು ಹರಕು ನಿಘಂಟನ್ನು ಮಡಿಲಲ್ಲಿಟ್ಟುಕೊಂಡು ಇಂಗ್ಲಿಷ್ ಕಲಿತೆ. ಕಲಿತ ಮೇಲೆ ಮೊದಲು ಹುಡುಕಿ ಓದಿದ್ದು ಬರ್ಮಾದ ಯುದ್ಧದ ಪುಸ್ತಕಗಳನ್ನು. ಆ ಕಾಡುಗಳಲ್ಲಿ ಗುಂಡಿಗಿಂತ ಹೆಚ್ಚು ಜನರನ್ನು ಕೆಡವಿದ್ದು ಮಲೇರಿಯಾ ಮತ್ತು ರಕ್ತಭೇದಿ ಎಂದು ಅವು ಹೇಳುತ್ತಿದ್ದವು. ನಮ್ಮ ಮನೆಯಲ್ಲಿ ಹೇಳುವ ಕತೆಗೂ ಅವುಗಳಿಗೂ ಹೊಂದಾಣಿಕೆಯಾಗಲಿಲ್ಲ.

ಸೈನ್ಯದಿಂದ ಬಂದ ಕಾಗದದಲ್ಲಿ ಸತ್ತರೆಂದಷ್ಟೇ ಇತ್ತು, ಹೇಗೆಂದಿರಲಿಲ್ಲ. ಮನೆಯ ಕತೆ ಬಂದದ್ದು ಒಬ್ಬನೇ ಮನುಷ್ಯನ ಬಾಯಿಂದ. ದೊಡ್ಡಪ್ಪನೊಂದಿಗೆ ಹೋಗಿ ಜೀವಸಹಿತ ಮರಳಿದವನು ಕೊಟ್ಟಿಗೆಹಾರದಲ್ಲಿ ಒಂದು ಹೋಟೆಲಿನ ಬೆಂಚಿನ ಮೇಲೆ ಮುಪ್ಪಿನವರೆಗೂ ಕೂತಿದ್ದ. ಕೇಳಿದವರಿಗೆ ಹೇಳುತ್ತಿದ್ದ. ನಾನು ಯುವಕನಾಗಿದ್ದಾಗ ಕೇಳಿದ ದಿನ ಗುಂಡು ದೊಡ್ಡಪ್ಪನ ಭುಜಕ್ಕೆ ತಗುಲಿತ್ತು. ಕೆಲವು ವರ್ಷಗಳ ಮೇಲೆ ಅದೇ ಗುಂಡು ಕುತ್ತಿಗೆಗೆ ಬಂದಿತ್ತು. ಅವನ ಹಲ್ಲೆಲ್ಲ ಬಿದ್ದ ಕಾಲಕ್ಕೆ ಎದೆಯ ನಟ್ಟನಡುವೆ ನಿಂತಿತು. ‘ಮೊದಲು ಭುಜ ಅಂದಿದ್ರಲ್ಲ?’ ಎಂದು ನಾನು ಕೇಳಿದ್ದಕ್ಕೆ, ‘ನೀನು ಕಂಡಿದ್ಯೇನೋ?’ ಎಂದು ಗದರಿ ಮುಖ ತಿರುಗಿಸಿದ. ನಾನು ಕಂಡಿರಲಿಲ್ಲ. ಅವನು ಕಂಡಿದ್ದನೇ ಎಂದು ಕೇಳುವ ಧೈರ್ಯ ಅಂದು ನನಗಾಗಲಿಲ್ಲ.

ಕೋವಿಯ ವಿಷಯದಲ್ಲಂತೂ ನನಗೆ ಅನುಮಾನವೇ ಇರಲಿಲ್ಲ. ದೊಡ್ಡಪ್ಪ ಚಾರ್ಮಾಡಿ ಘಾಟಿಯಲ್ಲಿ ಹೇರೆತ್ತುಗಳ ಮೇಲೆ ಕಾಫಿ ಮೂಟೆ ಇಳಿಸುತ್ತಿದ್ದವರು. ಸೈನ್ಯ ಅವರನ್ನು ತೆಗೆದುಕೊಂಡದ್ದು ಆ ಕಸುಬಿಗಾಗಿಯೇ, ಹೇಸರಗತ್ತೆಗಳನ್ನು ನಡೆಸಲು. ಇಷ್ಟನ್ನು ಮಾತ್ರ ಕೊಟ್ಟಿಗೆಹಾರದವನು ಒಮ್ಮೆಯೂ ಬದಲಿಸಲಿಲ್ಲ. ಹೇಸರಗತ್ತೆಯ ಹಗ್ಗ ಹಿಡಿದವನ ಕೈಗೆ ಗುರಿಯಿಡುವ ಕೋವಿ ಎಲ್ಲಿಂದ ಬಂತು?

ಆದರೆ ನನ್ನ ಅನುಮಾನದ ಬೇರು ಪುಸ್ತಕದಲ್ಲೂ ಇರಲಿಲ್ಲ, ಹೋಟೆಲಿನ ಬೆಂಚಿನಲ್ಲೂ ಇರಲಿಲ್ಲ. ಅದು ಇದ್ದದ್ದು ನಮ್ಮ ಹಿರಿಯರ ದೊಡ್ಡಮನೆಯ ನಡುಮನೆಯಲ್ಲಿ, ಪಿತೃಪಕ್ಷದ ಎಡೆಯಲ್ಲಿ.

ನಮ್ಮ ಮನೆತನದ ಪದ್ಧತಿ ಇದು. ವಯಸ್ಸಾಗಿ ಅಥವಾ ಕಾಯಿಲೆಯಿಂದ ಹೋದವರಿಗೆ ಎಡೆ ಇಡುವುದು ಹೊಸ್ತಿಲೊಳಗೆ. ಅವರನ್ನು ‘ಬನ್ನಿ, ಕೂತ್ಕೊಳ್ಳಿ’ ಎಂದು ಕರೆಯುತ್ತೇವೆ. ಮರದಿಂದ ಬಿದ್ದವರು, ಹೊಳೆಯ ಪಾಲಾದವರು, ಆಯುಧ ತಗುಲಿ ಸತ್ತವರು ಹೊಸ್ತಿಲು ದಾಟುವಂತಿಲ್ಲ. ಅವರ ಎಲೆಗಳು ಅಂಗಳದಾಚೆ, ಗಳ ಸರಿಸಿ ದಾಟುವ ದಣಪೆಯ ಬುಡದಲ್ಲಿ. ಅಲ್ಲಿ ಹೇಳುವ ಮಾತೇ ಬೇರೆ: ‘ಉಂಡು ಹೋಗಿ, ನಿಲ್ಲಬೇಡಿ.’ ಹಂದಿ ಬೇಟೆಯಲ್ಲಿ ಜೊತೆಗಾರನ ಈಡು ತಗುಲಿ ಸತ್ತ ನಮ್ಮ ಮುತ್ತಜ್ಜನ ತಮ್ಮ ಇಂದಿಗೂ ದಣಪೆಯ ಬಳಿಯೇ ಉಣ್ಣುತ್ತಾನೆ. ಅವನ ತಪ್ಪೇನೂ ಇರಲಿಲ್ಲ.

ದೊಡ್ಡಪ್ಪನ ಎಡೆಯನ್ನು ಮಾತ್ರ ಅಜ್ಜಿ, ಅಂದರೆ ಅವರ ತಾಯಿ, ಮೊದಲ ವರ್ಷದಿಂದಲೂ ಒಳಗೇ ಇಟ್ಟಳು. ಕಡುಬು, ಕೋಳಿಸಾರು, ಪಕ್ಕದಲ್ಲಿ ಸಣ್ಣ ಲೋಟದಲ್ಲಿ ಬೆಲ್ಲದ ಕರಿಕಾಫಿ. ಅಜ್ಜಿಯ ನಂತರ ಅಕ್ಕ ಇಟ್ಟಳು. ಅಳಿಯನನ್ನು ಮನೆಗೆ ತಂದುಕೊಂಡದ್ದರಿಂದ ಅವಳು ತವರಲ್ಲೇ ಉಳಿದಿದ್ದಳು. ಇದರಿಂದ ನಾನು ಕಟ್ಟಿದ ವಾದ ಸರಳವಾಗಿತ್ತು: ಅಜ್ಜಿಗೆ ಸತ್ಯ ಗೊತ್ತಿತ್ತು. ಮಗ ಸತ್ತದ್ದು ಜ್ವರದಿಂದ. ಊರಿಗೆ ಗುಂಡಿನ ಕತೆ ಇರಲಿ ಎಂದು ಬಿಟ್ಟುಕೊಟ್ಟು, ಹಿರಿಯರ ಮುಂದೆ ಮಾತ್ರ ಅವಳು ಸುಳ್ಳು ಹೇಳಲಿಲ್ಲ.

ನಕ್ಷೆ ತೋರಿಸಿದ ಸಂಜೆಯೇ ಅಕ್ಕ ನನ್ನನ್ನು ಕರೆಸಿದಳು. ಅವಳ ಸೊಸೆ ಕಾಫಿ ತಂದಿಟ್ಟು, ಹೋಗದೆ ಬಾಗಿಲಿಗೆ ಒರಗಿ ನಿಂತಳು.

“ಸೊಸೆ ಒಂದು ಮಾತು ಕೇಳ್ತಾಳೆ ಕಣೋ,” ಎಂದಳು ಅಕ್ಕ. “ನೀನೇ ಹೇಳಮ್ಮ.”

“ತಪ್ಪು ತಿಳ್ಕೋಬೇಡಿ ಮಾವಯ್ಯ,” ಎಂದಳು ಸೊಸೆ. “ಇಷ್ಟು ದಿನ ಬಾಯಿಮಾತು. ಕಲ್ಲಲ್ಲಿ ಗುಂಡು ಅಂತ ಬಂದ್ಮೇಲೆ ಅವರ ಎಡೆ ಒಳಗೆ ಇಡಬಹುದಾ? ನಾಳೆ ಮನೆಯಲ್ಲಿ ಏನಾದ್ರೂ ಆದ್ರೆ ನಂಟರು ನನ್ನನ್ನೇ ಅಂತಾರೆ. ಎಡೆ ಇಡೋಳು ನಾನಲ್ವಾ?”

ಅದು ಕುಚೋದ್ಯದ ಪ್ರಶ್ನೆಯಾಗಿರಲಿಲ್ಲ. ಅಕ್ಕನ ಕೈ ನಡುಗತೊಡಗಿದ ಮೇಲೆ ಎಡೆಯ ಭಾರ ಸೊಸೆಗೆ ಬಂದಿತ್ತು, ಪದ್ಧತಿಯ ಭಯವೂ ಜೊತೆಗೆ ಬಂದಿತ್ತು. ಅಕ್ಕ ನನ್ನನ್ನೇ ನೋಡಿದಳು.

“ಅಪ್ಪನ್ನ ನಾನು ನೋಡ್ಲಿಲ್ಲ. ವರ್ಷಕ್ಕೊಂದು ದಿನ ನನ್ನ ಮನೆಯೊಳಗೆ ಬಂದು ಕೂತು ಕಾಫಿ ಕುಡೀತಾರೆ ಅನ್ನೋದೊಂದೇ ಇರೋದು. ನಾನು ಕಣ್ಣು ಮುಚ್ಚಿದ ಮಾರನೇ ವರ್ಷ ಇವ್ರೆಲ್ಲ ಸೇರ್ಕೊಂಡು ಅವರನ್ನ ದಣಪೆ ಹತ್ರ ಕೂರಿಸ್ತಾರೆ. ಮೆರವಣಿಗೆ ಮಾಡಿ ಹೊರಗೆ ಹಾಕಿದ ಹಾಗೆ. ಜೀವಮಾನವೆಲ್ಲ ಸುಳ್ಳು ಸುಳ್ಳು ಅಂತಿದ್ಯಲ್ಲ, ಈಗ ಬಾಯಿ ಬಿಡು.”

ಬಾಯಿ ಬಿಡುವುದು ನನಗೆ ಕಷ್ಟದ ಕೆಲಸವಲ್ಲ. ಆದರೆ ಅಕ್ಕನ ಮಗ ಕಿವಿಗೆ ಹಾಕಿಕೊಳ್ಳಲಿಲ್ಲ. ಅವನದ್ದೂ ಒಂದು ನ್ಯಾಯವಿತ್ತು. ಅದನ್ನು ಇಲ್ಲಿ ಮುಚ್ಚಿಡುವುದು ಸರಿಯಲ್ಲ. “ಮಾವ, ಈಗಿನ ಕಾಲದಲ್ಲಿ ಎಲ್ರೂ ಕೇಳ್ತಾರೆ, ನಿಮ್ಮೋರು ದೇಶಕ್ಕೆ ಏನು ಮಾಡಿದ್ರು ಅಂತ. ಭೇದಿಯಾಗಿ ಸತ್ರು ಅಂತ ಕಲ್ಲಲ್ಲಿ ಬರ್ಸಿದ್ರೆ ಸ್ಕೂಲ್ ಮಕ್ಕಳು ಬಂದು ಹೂ ಇಡ್ತಾವಾ? ನಗ್ತಾವೆ.” ಯಾವ ದೇಶಕ್ಕೆ, ಯಾರ ಯುದ್ಧಕ್ಕೆ ಎಂಬ ಪ್ರಶ್ನೆ ನನ್ನ ನಾಲಗೆಯ ತುದಿಯಲ್ಲಿತ್ತು. ಆಳುತ್ತಿದ್ದವರು ಬೇರೆಯವರು, ದೊಡ್ಡಪ್ಪ ಹೋದದ್ದು ಅವರ ಸರಕು ಹೊರಿಸಲು. ಅದನ್ನು ಕೇಳಿದ್ದರೆ ಜಗಳ ಬೇರೆ ದಾರಿ ಹಿಡಿಯುತ್ತಿತ್ತು. ನುಂಗಿಕೊಂಡೆ.

ಎಡೆಯ ದಿನ ಬಂತು. ಸ್ಮಾರಕದ ಅನಾವರಣಕ್ಕೆ ಇನ್ನು ಸ್ವಲ್ಪವೇ ಸಮಯ. ಚಿತ್ರ ಕೊರೆದು ಮುಗಿಸಿದ್ದ ಶಿಲ್ಪಿ, ಅಕ್ಷರ ಹೇಳಿ ಎಂದು ಬೆಳಗಿನಿಂದ ಫೋನು ಮಾಡುತ್ತಿದ್ದ. ನಡುಮನೆಯಲ್ಲಿ ಬಾಳೆಲೆ ಹಾಸಿತ್ತು; ದೊಡ್ಡಪ್ಪನ ಎಲೆ ಎಂದಿನಂತೆ ಗೋಡೆಯ ಬದಿಗೆ. ಸೊಸೆ ಬಡಿಸಿ ಮುಗಿಸಿ, ಧೂಪ ಹಿಡಿದು, ‘ಬನ್ನಿ’ ಎನ್ನುವ ಮೊದಲು ತಡೆದು ನಿಂತಳು. ಆಗ ಮತ್ತೊಮ್ಮೆ ಫೋನು ಬಂತು.

“ಹ್ಞೂ, ಮೊದ್ಲು ಕೊಟ್ಟಿದ್ದೇ ಕೊರೀರಿ,” ಎಂದು ಅಕ್ಕನ ಮಗ ಹೇಳುತ್ತಿದ್ದಂತೆ ಅಕ್ಕ ಕೂತಲ್ಲಿಂದಲೇ ಕೈಯೆತ್ತಿದಳು.

“ಹಂಗಾದ್ರೆ ಎಡೆ ಎತ್ತು.”

“ಎಂತ ಅವ್ವ?”

“ನಿನ್ನ ಅಜ್ಜನ ಎಡೆ. ಎತ್ಕೊಂಡು ಹೋಗಿ ದಣಪೆ ಹತ್ರ ಇಡು. ಗುಂಡಿಗೆ ಸತ್ತೋರ ಜಾಗ ಯಾವುದು ಅಂತ ನಿಂಗೆ ಗೊತ್ತಿಲ್ವಾ?”

ಅವನು ನಗಲು ನೋಡಿದ. “ಅದು ಬೇರೆ, ಇದು ಬೇರೆ ಅವ್ವ. ಇದು ಯುದ್ಧ. ವೀರಸ್ವರ್ಗ ಅಂತಾರಲ್ಲ.”

“ವೀರರಿಗೆ ನಮ್ಮ ಕಡೆ ಪೂಜೆ ಇದೆ,” ಎಂದೆ ನಾನು. “ನಮ್ಮ ಗದ್ದೆ ಬದೀಲಿ ಹಳೇ ವೀರಗಲ್ಲು ನಿಂತಿಲ್ವಾ? ಬಿಸಿಲು ಮಳೆಗೆ ಬಯಲಲ್ಲೇ ನಿಂತಿದೆ. ಅದನ್ನ ಯಾರಾದ್ರೂ ಮನೆಯೊಳಗೆ ತಂದು ಇಟ್ಕೊಂಡಿದ್ದು ಕಂಡಿದ್ಯಾ? ವೀರನಿಗೆ ಹೂವು ಉಂಟು, ಹೊಸ್ತಿಲಿಲ್ಲ.”

“ನೀವು ಸುಮ್ನಿರಿ ಮಾವ! ನೀವೇ ತಲೆ ಕೆಡಿಸಿದ್ದು.”

“ಅವನಿಗೆ ಬೈಬೇಡ. ನಾನು ಹೇಳ್ತಿರೋದು. ಎತ್ತು,” ಎಂದಳು ಅಕ್ಕ.

ಅವನು ಸಿಟ್ಟಿನಲ್ಲೇ ಬಗ್ಗಿ ಎಲೆಯನ್ನು ಎರಡು ಕೈಯಲ್ಲಿ ಎತ್ತಿದ. ಲೋಟವನ್ನೂ ಎಲೆಯ ಮೇಲೆ ಇಟ್ಟುಕೊಂಡ. ಸೊಸೆ ಪಕ್ಕಕ್ಕೆ ಸರಿದಳು. ಹೊಸ್ತಿಲಿನವರೆಗೂ ನೇರವಾಗಿ ನಡೆದ. ಅಲ್ಲಿ ನಿಂತ. ಎಲೆ ನಡುವೆ ಬಾಗಿ ಸಾರು ಅಂಚಿಗೆ ಹರಿಯುತ್ತಿತ್ತು, ಲೋಟ ಓಲಾಡುತ್ತಿತ್ತು. ಹೊರಗೆ ದಣಪೆಯ ಬುಡದಲ್ಲಿ ಮೊದಲೇ ಇಟ್ಟ ಎಲೆಗಳ ಸುತ್ತ ಕಾಗೆಗಳು ಕೂಗುತ್ತಿದ್ದವು.

“ಅಲ್ಲಿ ಹೇಳೋ ಮಾತು ಗೊತ್ತಲ್ಲ?” ಎಂದಳು ಅಕ್ಕ ಹಿಂದಿನಿಂದ. “ಉಂಡು ಹೋಗಿ, ನಿಲ್ಲಬೇಡಿ ಅಂತ. ಜೋರಾಗಿ ಹೇಳು. ನಂಗೂ ಕೇಳಿಸ್ಲಿ.”

ಅವನ ಬೆನ್ನು ಮಾತ್ರ ನಮಗೆ ಕಾಣುತ್ತಿತ್ತು. ಒಂದು ಕಾಲು ಎತ್ತಿದ, ಮತ್ತೆ ಒಳಗೇ ಊರಿದ. ಕರಿಕಾಫಿ ಚೆಲ್ಲಿ ಅವನ ಕೈಮೇಲೆ ಇಳಿಯಿತು. ತಿರುಗಿ ಬಂದು ಎಲೆಯನ್ನು ಮೊದಲಿದ್ದ ಜಾಗದಲ್ಲೇ ಇಟ್ಟ. ಅನಂತರ ನನ್ನ ಕಡೆ ತಿರುಗಿದ. ಅಷ್ಟು ಕೋಪದ ಮುಖವನ್ನು ನಾನು ಅವನಲ್ಲಿ ಕಂಡಿರಲಿಲ್ಲ.

“ಸರಿ. ಜ್ವರ ಅಂತ ಬರ್ಸ್ತೀನಿ. ನೀವು ಪ್ರಮಾಣ ಮಾಡಿ ಹೇಳಿ, ಇಲ್ಲೇ, ಹಿರಿಯರ ಎದುರು. ಜ್ವರಕ್ಕೇ ಸತ್ತಿದ್ದು ಅಂತ.”

ಅಕ್ಕ ನನ್ನತ್ತ ನೋಡಿದಳು. ‘ಹೌದು’ ಎಂಬ ಒಂದು ಮಾತು ಸಾಕಿತ್ತು. ಅವಳ ತಂದೆ ಶಾಶ್ವತವಾಗಿ ಒಳಗೆ ಉಳಿಯುತ್ತಿದ್ದರು. ನನ್ನ ವಾದವೂ ಗೆಲ್ಲುತ್ತಿತ್ತು. ನನ್ನ ಬಳಿ ಇದ್ದದ್ದು ಯಾವ ಸಾಕ್ಷಿ? ಪುಸ್ತಕಗಳು ಸಾವಿರಾರು ಜನರ ಮಾತು ಹೇಳುತ್ತಿದ್ದವು, ಒಬ್ಬನ ಮಾತು ಹೇಳುತ್ತಿರಲಿಲ್ಲ.

“ಅದೂ ನಂಗೆ ಗೊತ್ತಿಲ್ಲ,” ಎಂದೆ. “ಅಜ್ಜಿ ಒಳಗೆ ಇಟ್ಲು. ಅವಳಿಗೆ ಗೊತ್ತಿದ್ದಿರಬೇಕು ಅನ್ನೋದಷ್ಟೇ ನನ್ನ ಆಧಾರ.”

“ನಿಂಗೆ ಯಾವುದು ತಾನೇ ಗೊತ್ತು ಮಾರಾಯ!” ಎಂದಳು ಅಕ್ಕ. ಸೆರಗಿನಿಂದ ಬಾಯಿ ಒತ್ತಿಕೊಂಡಳು. ಮತ್ತೆ ಮಾತಾಡಿದಾಗ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. “ಅಜ್ಜಿಗೂ ಗೊತ್ತಿರ್ಲಿಲ್ಲ. ನಾನು ಕೇಳಿದ್ದೆ, ಎಂತಕ್ಕೆ ಒಳಗೆ ಅಂತ. ಅಪ್ಪ ಹೊರಟ ದಿನ ಇಲ್ಲೇ ಉಣ್ಣಕ್ಕೆ ಕೂತಿದ್ರಂತೆ. ರಸ್ತೇಲಿ ಲಾರಿಯವನು ಹಾರ್ನ್ ಹೊಡೆದನಂತೆ. ಅರ್ಧ ಎಲೆ ಬಿಟ್ಟು ಎದ್ದು ಹೋದ್ರಂತೆ. ‘ಹೆಂಗೆ ಸತ್ನೋ ಯಾರಿಗೆ ಗೊತ್ತು. ಊಟಕ್ಕೆ ಕೂತೋನನ್ನ ನಾನು ಎರಡನೇ ಸಲ ಎಬ್ಬಿಸಲ್ಲ’ ಅಂದ್ಲು ಅಜ್ಜಿ.”

ಇಷ್ಟು ವರ್ಷ ಸಾಕ್ಷಿಯೆಂದು ನಾನು ಎಣಿಸಿದ್ದು ಒಬ್ಬ ತಾಯಿಯ ಹಟವಾಗಿತ್ತು. ಹೋಟೆಲಿನ ಬೆಂಚಿನವನನ್ನು ಅನುಮಾನಿಸಿದ ನಾನು ಅಜ್ಜಿಯನ್ನು ಒಮ್ಮೆಯೂ ಅನುಮಾನಿಸಿರಲಿಲ್ಲ, ಏಕೆಂದರೆ ಅವಳು ನನಗೆ ಬೇಕಾದುದನ್ನು ಹೇಳುತ್ತಿದ್ದಂತೆ ಕಂಡಿತ್ತು.

ಸೊಸೆ ಯಾರನ್ನೂ ಕೇಳಲಿಲ್ಲ. ಖಾಲಿಯಾದ ಲೋಟಕ್ಕೆ ಮತ್ತೆ ಕರಿಕಾಫಿ ಬಸಿದು ಎಲೆಯ ಪಕ್ಕದಲ್ಲಿಟ್ಟು, ಧೂಪ ತೋರಿಸಿ, “ಬನ್ನಿ, ಕೂತ್ಕೊಳ್ಳಿ” ಎಂದಳು. ಅವಳ ಗಂಡ ಫೋನು ಹಿಡಿದು ಅಂಗಳಕ್ಕಿಳಿದು, ಅಲ್ಲಿಂದಲೇ ನನ್ನನ್ನು ಕೂಗಿ ಕೇಳಿದ: “ಹಾಗಾದ್ರೆ ಗೊತ್ತಿರೋದು ಎಷ್ಟು? ಅಷ್ಟು ಹೇಳಿ ಸಾಕು.”

ಈಗ ಕಲ್ಲಿನ ಮೇಲಿರುವುದು ಅಷ್ಟೇ: ‘ಈ ಊರಿನಿಂದ ಬರ್ಮಾ ಯುದ್ಧಕ್ಕೆ ಹೋದರು. ಹೇಸರಗತ್ತೆಗಳನ್ನು ನಡೆಸಿದರು. ಮರಳಲಿಲ್ಲ.’ ಮೇಲೆ ಕೋವಿ ಹಿಡಿದವನು ಹಾಗೆಯೇ ಇದ್ದಾನೆ. ಕೊರೆದಾಗಿತ್ತು, ಅಳಿಸಲಾಗಲಿಲ್ಲ. ಅದರ ಮುಂದೆ ಹಾದುಹೋಗುವಾಗ ಇಂದಿಗೂ ನನಗೆ ಕಿರಿಕಿರಿಯಾಗುತ್ತದೆ.

ಅನಾವರಣದ ದಿನ ವೇದಿಕೆಯ ಮೇಲೆ ಮಾತಾಡಿದ ಗಣ್ಯರು ಎದುರಿಗಿದ್ದ ಅಕ್ಷರಗಳನ್ನು ಓದುವ ಗೋಜಿಗೆ ಹೋಗಲಿಲ್ಲ. ಎದೆಗೇ ಗುಂಡು ಎಂದರು, ಜನ ಚಪ್ಪಾಳೆ ತಟ್ಟಿದರು. ನಾನು ಏಳಲು ಹೊರಟೆ. ಅಕ್ಕ ನನ್ನ ಪಂಚೆಯ ಅಂಚು ಹಿಡಿದು ಕೂರಿಸಿದಳು. ಶಾಲೆಯ ಮಕ್ಕಳು ಹೂ ಇಟ್ಟವು, ನಗಲಿಲ್ಲ. ಕೊನೆಗೆ ಸಮಿತಿಯವರಲ್ಲಿ ಒಬ್ಬರು, ವೀರಗಲ್ಲಿಗೆ ಇಡುವ ಹಾಗೆ, ಕಡುಬು ಕೋಳಿಸಾರಿನ ಎಲೆಯೊಂದನ್ನು ತಂದು ಕಲ್ಲಿನ ಬುಡದಲ್ಲಿಟ್ಟು ಕೈಮುಗಿದರು. ಭಕ್ತಿಯಿಂದಲೇ ಇಟ್ಟದ್ದು.

ಅಕ್ಕ ಊರುಗೋಲೂರಿ ಎದ್ದು ಹೋಗಿ ಅದರ ಮುಂದೆ ನಿಂತಳು.

“ಹೂವು ಇರ್ಲಿ. ಎಡೆ ಇಲ್ಲಿ ಬೇಡ.” ಮಗನ ಕಡೆ ತಿರುಗಿದಳು. “ಎತ್ತು.”

ಈ ಸಲ ಅವನು ವಾದಿಸಲಿಲ್ಲ. ಬಿಳಿ ಅಂಗಿ, ಎದೆಯ ಮೇಲೆ ಸಮಿತಿಯ ಬ್ಯಾಡ್ಜು. ಹಾಗೆಯೇ ಬಗ್ಗಿ ಎಲೆಯನ್ನು ಎರಡು ಕೈಯಲ್ಲಿ ಎತ್ತಿಕೊಂಡು, ನಿಂತ ಜೀಪುಗಳ ನಡುವಿನಿಂದ ಮನೆಯ ದಾರಿ ಹಿಡಿದ. ಅವನ ಹಿಂದೆ ಅಕ್ಕ, ಅಕ್ಕನ ಹಿಂದೆ ನಾನು. ಸಾರು ಚೆಲ್ಲದಂತೆ ನೋಡಿಕೊಳ್ಳುತ್ತ ಅವನು ದಣಪೆ ದಾಟಿದ, ಅಂಗಳ ದಾಟಿದ, ಹೊಸ್ತಿಲಿನ ಬಳಿ ಒಂದು ಕ್ಷಣ ತಲೆ ತಗ್ಗಿಸಿ ಒಳಗೆ ಹೋದ.