ಖಾಲಿ ಕೋಣೆಗೆ ಕೂಗುತ್ತಿದ್ದ ಸಿರಿಲ್ ಪೊರ್ಬುಗಳು

ಮೇ ತಿಂಗಳಲ್ಲಿ ಮಂಗಳೂರಿಗೆ ಮಂಗಳೂರೇ ಬೆವರುತ್ತಿರುವಾಗ, ಉಣ್ಣೆಯ ಸ್ವೆಟರಿನ ಗುಂಡಿಗಳನ್ನು ಕುತ್ತಿಗೆಯವರೆಗೆ ಹಾಕಿಕೊಂಡು ಮಣ್ಣಗುಡ್ಡದ ನನ್ನ ಬಾಡಿಗೆ ಮನೆಗೆ ಬರುತ್ತಿದ್ದವರು ಸಿರಿಲ್ ಪೊರ್ಬುಗಳು ಒಬ್ಬರೇ. ಕ್ರೈಸ್ತ ಹಿರಿಯರನ್ನು ಪೊರ್ಬುಗಳೆನ್ನುವುದು ನಮ್ಮ ತುಳುವರ ರೂಢಿ. ಬೋಳಾರದ ಒಂದು ಐಸ್ ಪ್ಲಾಂಟಿನಲ್ಲಿ ಅವರು ಮೇಲ್ವಿಚಾರಕರು. ಮೀನು ಇಡುವ ಶೀತಲ ಕೋಣೆಯ ಚಳಿ ಮೈಯಿಂದ ಇಳಿಯಲು ಒಂದು ಗಂಟೆ ಬೇಕೆಂಬುದು ಅವರ ವಾದ. ಕಂಕುಳಲ್ಲಿ ಯಾವಾಗಲೂ ಒಂದು ಹಳೆಯ ಇಂಗ್ಲಿಷ್ ಕಾದಂಬರಿ. ಅದರಲ್ಲಿ ತಪ್ಪದೆ ಹಿಮ, ಹಿಮದಲ್ಲಿ ತಪ್ಪದೆ ಒಂದು ಘೋರ ಮೃಗ. ಚಳಿಯ ವರ್ಣನೆ ಸುಳ್ಳೆನಿಸಿದಲ್ಲಿ ಲೇಖಕನ ಬಗ್ಗೆ ಪೆನ್ಸಿಲಿನಿಂದ ‘ಇವ ಒಳಗೆ ಹೋಗಿಲ್ಲ’ ಎಂದು ಬರೆದಿಡುತ್ತಿದ್ದರು.

ನಿವೃತ್ತಿಯ ಬಳಿಕ ನಾನೂ ಅಂಥದೊಂದು ಕಾದಂಬರಿಗೆ ಕೈಹಾಕಿದೆ. ಹಿಮಾಲಯದಲ್ಲಿ ರಸ್ತೆ ಕಡಿಯುವ ಹನ್ನೊಂದು ಮಂದಿ. ಅವರ ಬಿಡಾರದ ಸುತ್ತ ಸುಳಿಯುವ ಒಂದು ಜೀವಿ. ಹಿಮವನ್ನು ಕಂಡರಿಯದ ನನ್ನನ್ನು ಪೊರ್ಬುಗಳು ಒಂದು ಸಂಜೆ ಶೀತಲ ಕೋಣೆಯೊಳಗೆ ನಿಲ್ಲಿಸಿದರು. ನಡುಕ ನಿಂತು, ಬೆರಳುಗಳು ನನ್ನವಲ್ಲ ಎನಿಸತೊಡಗಿದಾಗ, ಇನ್ನು ಹೊರಗೆ ಬಂದು ಇದನ್ನು ಬರೆಯಿರಿ ಎಂದರು. ಬಳಿಕ ಕೆಲಸಗಾರರ ಹೆಸರನ್ನು ಒಂದೊಂದಾಗಿ ಕರೆದು, ಪ್ರತಿಯೊಬ್ಬನ ‘ಓ’ ಕೇಳಿ, ಕೊನೆಗೆ ಖಾಲಿ ಕೋಣೆಗೆ ಮುಖಮಾಡಿ ಕೂಗಿದರು: “ಒಳಗೆ ಯಾರಾದ್ರೂ ಉಂಟಾ?” ಹತ್ತು ಎಣಿಸುವಷ್ಟು ಹೊತ್ತು ಕಾದು ಬಾಗಿಲು ಹಾಕಿದರು.

ಎಲ್ಲರೂ ಹೊರಗಿರುವಾಗ ಕೂಗುವುದೇಕೆಂದು ಕೇಳಿದೆ.

“ಮಾಸ್ಟ್ರೇ, ಇಪ್ಪತ್ತೆಂಟು ವರ್ಷದಿಂದ ಕೂಗ್ತಾ ಇದ್ದೇನೆ. ಒಬ್ಬನೂ ಓ ಅನ್ಲಿಲ್ಲ. ಆದ್ರೂ ಆ ಹತ್ತು ಎಣಿಸುವಾಗ ಎದೆ ಹೊಡ್ಕೊಳ್ತದೆ. ಹೆದರಿಕೆ ಅಲ್ಲಿ ಉಂಟು. ನಿಮ್ಮ ಮೃಗದ ಹಲ್ಲಿನಲ್ಲಿ ಎಂತದೂ ಇಲ್ಲ.”

ಹಾಗಾದರೆ ಓದುಗನಿಗೆ ತೃಪ್ತಿ ಯಾವುದರಿಂದ?

“ಒಳಗೆ ಹೋದ ಒಂದೊಂದು ಹೆಸರೂ ಸಿಗ್ಬೇಕು. ಬದುಕಿಯೋ ಸತ್ತೋ, ಅದು ನಿಮ್ಮ ಇಷ್ಟ. ಸಿಕ್ಕಿದ ಮೇಲೆಯೇ ಬಾಗಿಲು ಹಾಕುದು.”

ಆ ಹಲ್ಲಿನ ಬಗ್ಗೆಯೇ ಎರಡು ಪುಟ ಬರೆದಿದ್ದೆ. ಮರುದಿನವೇ ಹರಿದೆ.

ಹಸ್ತಪ್ರತಿ ಮುಗಿದಾಗ ಅದನ್ನು ಮೊದಲು ಓದಲು ಕೊಟ್ಟದ್ದೂ ಅವರಿಗೇ. ಒಂದು ವಾರ ಇಟ್ಟುಕೊಂಡು, ಮಾತಿಲ್ಲದೆ ಮರಳಿಸಿದರು. ಮುಂದಿನ ಭಾನುವಾರ ನಾಲ್ವರು ಹಳೆಯ ಸಹೋದ್ಯೋಗಿಗಳನ್ನೂ ಅವರನ್ನೂ ಚಹಾಕ್ಕೆ ಕರೆದು ಕೊನೆಯ ಅಧ್ಯಾಯವನ್ನು ಓದಿದೆ. ಎಲ್ಲರೂ ಮೆಚ್ಚಿ ಮಾತಾಡುತ್ತಿರುವಾಗ ಪೊರ್ಬುಗಳು ಗೋಳಿಬಜೆಯ ತಟ್ಟೆಯನ್ನು ಕೆಳಗಿಟ್ಟರು.

“ಅಡಿಗೆಯ ದಾಮು ಎಲ್ಲಿ ಹೋದ ಮಾರಾಯ್ರೆ? ನಾಲ್ಕನೇ ಅಧ್ಯಾಯದಲ್ಲಿ ಸೌದೆಗೆ ಅಂತ ಹೋದವ ಬರ್ಲೇ ಇಲ್ಲ. ಮೃಗ ತಿಂದದ್ದಾ, ನೀವು ಮರ್ತದ್ದಾ?”

ನಾಲ್ವರೂ ನಕ್ಕರು. ಯಾರು ಎಷ್ಟು ಹೊತ್ತು ನಕ್ಕರೆಂಬುದು ನನಗೆ ನೆನಪಿದೆ. ಮೂವತ್ತನಾಲ್ಕು ವರ್ಷ ತರಗತಿಯಲ್ಲಿ ಹಾಜರಿ ಕರೆದ ನನ್ನಿಂದ ಒಂದು ಹೆಸರು ತಪ್ಪಿಹೋಗಿತ್ತು. ಆ ಒಂದು ವಾರದಲ್ಲಿ ಯಾವ ದಿನವಾದರೂ ಅವರು ನನ್ನ ಕಿವಿಯಲ್ಲಿ ಹೇಳಬಹುದಿತ್ತು. ಮುಂದಿನ ಸಲ ಬಂದಾಗ, ಕೆಲಸವಿದೆ ಎಂದು ಕಿಟಕಿಯಿಂದಲೇ ಹೇಳಿದೆ. ಸ್ವೆಟರಿನ ಮೇಲಿನ ಗುಂಡಿಯನ್ನು ಬಿಚ್ಚಿದ್ದವರು ಮತ್ತೆ ಹಾಕಿಕೊಂಡು ಹೊರಟರು. ಎರಡು ವರ್ಷ ನಾವು ಮಾತಾಡಲಿಲ್ಲ. ಕರೆಯದೆ ನನ್ನ ಮನೆಗೆ ಬರುತ್ತಿದ್ದವರು ಅವರೊಬ್ಬರೇ ಎಂಬುದು ಅರಿವಿಗೆ ಬರಲು ಅಷ್ಟು ಕಾಲ ಬೇಕಿರಲಿಲ್ಲ.

ಅವರು ಕೂಳೂರಿನಲ್ಲಿ ಮಗಳ ಮನೆಯಲ್ಲಿ ಹಾಸಿಗೆ ಹಿಡಿದಿದ್ದಾರೆಂದು ತಿಳಿದಾಗ ಬಸ್ಸು ಹತ್ತಿದೆ. ಫ್ಯಾನು ನಿಲ್ಲಿಸಿ, ಅವರಿಗೆ ಗದ್ದದವರೆಗೆ ಕಂಬಳಿ ಹೊದಿಸಿದ್ದರು.

“ದಾಮು ಸಿಕ್ಕಿದನಾ ಮಾಸ್ಟ್ರೇ?”

ಆ ಕಾದಂಬರಿಯನ್ನು ಕೈಬಿಟ್ಟೆ ಎಂದೆ. ಅದು ಸುಳ್ಳು. ದಾಮುವಿನ ಹೊಸ ಅಧ್ಯಾಯ, ಹದಿನಾಲ್ಕು ಪುಟ, ನನ್ನ ಚೀಲದಲ್ಲೇ ಇತ್ತು. ಓದಿ ಹೇಳಲೆಂದೇ ಒಯ್ದಿದ್ದೆ. ಆ ಭಾನುವಾರದ ಬಗ್ಗೆ ಅವರು ಮೊದಲು ಒಂದು ಮಾತಾಡಲಿ ಎಂದು ಕಾದೆ. ಅವರು ಕಣ್ಣು ಮುಚ್ಚಿಕೊಂಡರು. ಪುಟಗಳನ್ನು ಹಾಗೆಯೇ ಮರಳಿ ತಂದೆ. ಒಂಬತ್ತನೆಯ ದಿನ ಅವರು ತೀರಿಹೋದರು.

ನಾಲ್ವರೆದುರು ಹಾಗೆ ಕೇಳಿದ್ದು ತಪ್ಪು. ಇಂದಿಗೂ ನನ್ನ ಅಭಿಪ್ರಾಯ ಅದೇ. ಆದರೆ ನಿನ್ನೆ ಸಂಜೆ ಜಗಲಿಯಲ್ಲಿ, ಅವರು ಕೂರುತ್ತಿದ್ದ ಕುರ್ಚಿಯೆದುರು, ಆ ಹದಿನಾಲ್ಕು ಪುಟಗಳನ್ನು ಗಟ್ಟಿಯಾಗಿ ಓದಿದೆ. ಅದರಲ್ಲಿ, ಬಿಡಾರದ ಬಾಗಿಲು ಹಾಕಿ ಹೆಸರು ಕರೆಯುವಾಗ ದಾಮುವಿನ ‘ಓ’ ಹೊರಗಿನಿಂದ ಕೇಳುತ್ತದೆ. ಮೃಗದ ಹೆದರಿಕೆಯಲ್ಲಿ ಯಾರೂ ಬಾಗಿಲು ತೆರೆಯುವುದಿಲ್ಲ. ಬೆಳಗಾದ ಮೇಲೆ ತೆರೆದರೆ, ಸೌದೆಯನ್ನು ಎದೆಗವಚಿಕೊಂಡೇ ಅವನು ಹೊಸ್ತಿಲಲ್ಲಿ ಹೆಪ್ಪುಗಟ್ಟಿದ್ದಾನೆ. ಹನ್ನೊಂದು ಹೆಸರೂ ಸಿಕ್ಕಿದವು.

ಹೇಗುಂಟು ಎಂದು ಕೇಳಿ, ಹತ್ತು ಎಣಿಸಿದೆ. ಮತ್ತೊಮ್ಮೆ ಎಣಿಸಿದೆ.